ಮುಖ ನೋಡುವ ಕೆಲಸ

ತುಂಬ ಹಿಂದೆಯೇನೂ ಅಲ್ಲ, ತುಂಬ ದೂರವೂ ಅಲ್ಲ, ಒಂದೂರಿನಲ್ಲಿ ಒಬ್ಬ ಮನುಷ್ಯನಿದ್ದ. ಅವನು ನೆಲದೊಳಕ್ಕೆ ಇಳಿಯುತ್ತಿದ್ದ. ಅಜ್ಜಿಯರ ಕಥೆಗಳಲ್ಲಿ ನೆಲದೊಳಕ್ಕೆ ಇಳಿದವರು ಏಳು ಕೊಪ್ಪರಿಗೆ ಹೊನ್ನು ಹೊತ್ತು ಬರುತ್ತಾರೆ. ಪಾತಾಳದ ರಾಜಕುಮಾರಿಯ ಕೈ ಹಿಡಿದು ಬರುತ್ತಾರೆ. ಇವನು ಬಕೆಟ್ಟಿನಲ್ಲಿ ಊರಿನ ಹೇಲು ತುಂಬಿಕೊಂಡು ಬರುತ್ತಿದ್ದ.

ಅವನಿಗೆ ಒಬ್ಬಳು ತಾಯಿ, ಒಬ್ಬಳು ಮಗಳು, ಒಬ್ಬ ಜೊತೆಗಾರ. ಹೆಂಡತಿ ಹಿಂದೆಯೇ ಜ್ವರದಲ್ಲಿ ಹೋಗಿದ್ದಳು. ಒಂದು ದಿನ ಅವನ ಮುಖ ಕಳುವಾಯಿತು. ಆಮೇಲೆ ಜೀವವೂ ಹೋಯಿತು. ಹೋದ ಜೀವ ವಾಪಸ್ಸು ಬರುವುದಿಲ್ಲ ಅಂತ ಕಥೆ ಕೇಳುವ ಮಕ್ಕಳಿಗೂ ಗೊತ್ತು. ಮುಖವನ್ನಾದರೂ ತಂದುಕೊಡುತ್ತೇನೆ ಅಂತ ಮಗಳು ಅಜ್ಜಿಗೆ ಮಾತು ಕೊಟ್ಟಳು. ಇದು ಆ ಮಾತಿನ ಕಥೆ.

ಮಗಳನ್ನು ಎಲ್ಲರೂ ಕಡ್ಡಿ ಅನ್ನುತ್ತಿದ್ದರು. ತೆಳ್ಳಗಿದ್ದಳು, ಅದಕ್ಕೆ. ಊರಾಚೆಯ ದೊಡ್ಡ ಗೋದಾಮಿನಲ್ಲಿ ಅವಳಿಗೆ ಕೆಲಸ. ಜನ ಫೋನಿನಲ್ಲಿ ಒತ್ತಿ ತರಿಸಿಕೊಳ್ಳುವ ಸಾಮಾನುಗಳನ್ನು ಡಬ್ಬಕ್ಕೆ ಹಾಕುವುದು, ಟೇಪು ಸುತ್ತುವುದು, ಚೀಟಿ ಅಂಟಿಸುವುದು. ಗಂಟೆಗೆ ತೊಂಬತ್ತು ಡಬ್ಬ. ಉಚ್ಚೆಗೆ ಹೋದರೆ ನಾಲ್ಕು ನಿಮಿಷ. ಐದಾದರೆ ಮೇಲ್ವಿಚಾರಕ ಬಾಗಿಲ ಹೊರಗೆ ನಿಂತು ಕೆಮ್ಮುತ್ತಿದ್ದ.

ಅಪ್ಪನ ಕೆಲಸಕ್ಕೆ ಇಬ್ಬರು ಬೇಕು. ಗುಂಡಿಗೆ ಇಳಿಯುವವನೊಬ್ಬ, ಮೇಲೆ ಹಗ್ಗ ಹಿಡಿಯುವವನೊಬ್ಬ. ಹಗ್ಗ ಹಿಡಿಯುವುದು ಸಣ್ಣ ಕೆಲಸ. ದೊಡ್ಡ ಕೆಲಸ ಮುಖ ನೋಡುವುದು. ಇಳಿದವನು ಇಪ್ಪತ್ತು ಎಣಿಸುವುದರೊಳಗೆ ಒಮ್ಮೆ ತಲೆಯೆತ್ತಬೇಕು. ಮೇಲಿನವನು ಆ ಮುಖ ಓದಬೇಕು. ಒಳಗೆ ಗಾಳಿ ಕೆಟ್ಟರೆ ಅದು ಒಳಗಿದ್ದವನಿಗೆ ಮೊದಲು ಗೊತ್ತಾಗುವುದಿಲ್ಲ. ಅವನಿಗೆ ನಿದ್ದೆ ಬಂದ ಹಾಗೆ ಹಿತವಾಗುತ್ತದೆ, ಅಷ್ಟೆ. ಮೇಲಿನವನಿಗೆ ಕಾಣುತ್ತದೆ. ತುಟಿ ಬಣ್ಣ ಬಿಡುತ್ತದೆ, ದವಡೆ ಸಡಿಲಾಗುತ್ತದೆ. ಕಂಡ ಕೂಡಲೇ ಎಳೆಯಬೇಕು. ಕೂಗಿ ಕೇಳುತ್ತ ಕೂರಬಾರದು. ಎಳೆಯಬೇಕು.

ಮುಖವಾಡ, ಗಾಳಿಯ ಸಿಲಿಂಡರು, ಮೊಣಕಾಲುದ್ದದ ಬೂಟು, ಗುಂಡಿ ಹೀರುವ ಮೆಷಿನ್ನು, ಎಲ್ಲ ಕಂಟ್ರಾಕ್ಟರನ ಕಾಗದದಲ್ಲಿದ್ದವು. ಕಾಗದದ ಮೇಲೆ ಅಪ್ಪ ಚಂದ್ರನಿಗೆ ಹೊರಟವನ ಹಾಗಿದ್ದ. ರಸ್ತೆಯ ಮೇಲೆ ಅವನಿಗಿದ್ದದ್ದು ಒಂದು ಚಡ್ಡಿ, ಒಂದು ಹಗ್ಗ, ತಲೆಯ ಮೇಲೆ ಎರಡು ಕಣ್ಣು.

ಆ ಕಣ್ಣು ಹಗ್ಗದ ಮಾವನವು. ರಕ್ತಸಂಬಂಧಿಯಲ್ಲ. ಹದಿನೇಳು ವರ್ಷ ಅಪ್ಪನ ಮುಖ ನೋಡಿಕೊಂಡು ನಿಂತವನು, ಅದಕ್ಕೆ ಮಾವ. "ನಿಮ್ಮಪ್ಪನ ಮುಖಾನ ನಾನು ನನ್ನ ಹೆಂಡತಿ ಮುಖಕ್ಕಿಂತ ಜಾಸ್ತಿ ನೋಡಿದೀನಿ ಕಣೇ ಕಡ್ಡಿ. ನೋಡೋ ಅಂಥ ಮುಖಾನಾ ಅದು? ನನ್ನ ಹಣೆಬರಹ" ಅನ್ನುತ್ತಿದ್ದ. ಅಪ್ಪ ಗುಂಡಿಯೊಳಗಿಂದಲೇ ಬೈಯುತ್ತಿದ್ದ. ಬೈಗುಳ ಕೇಳಿದರೆ ಮಾವನಿಗೆ ಸಮಾಧಾನ. ಬೈಯುವವನು ಉಸಿರಾಡುತ್ತಿದ್ದಾನೆ.

ಅಜ್ಜಿಯ ಕಥೆಯಲ್ಲಾದರೆ ಮುಖ ಕದಿಯುವವನಿಗೆ ಕೋರೆಹಲ್ಲು ಇರುತ್ತದೆ. ಇಲ್ಲಿ ಕದ್ದವನು ಹಲ್ಲುಜ್ಜುತ್ತಿದ್ದ. ಬೆಳಗ್ಗೆ ಎಂಟು ಗಂಟೆ. ಮೂರನೇ ಮಹಡಿಯ ಬಾಲ್ಕನಿ. ಒಂದು ಕೈಯಲ್ಲಿ ಬ್ರಷ್ಷು, ಇನ್ನೊಂದು ಕೈಯಲ್ಲಿ ಫೋನು. ಕೆಳಗೆ ಆ ಕಟ್ಟಡದ್ದೇ ಗುಂಡಿ, ಆ ಕಟ್ಟಡದವರದ್ದೇ ಹೊಲಸು. ಅಪ್ಪ ಉಸಿರಿಗಾಗಿ ಬಾಯಿ ಕಳೆದು ಮೇಲೆ ಬಂದ. ತಲೆಯಿಂದ ಕರಿ ಕೆಸರು ಸುರಿಯುತ್ತಿತ್ತು. ಕಣ್ಣು ಎಲ್ಲಿ, ಮೂಗು ಎಲ್ಲಿ ಗೊತ್ತಾಗುತ್ತಿರಲಿಲ್ಲ. ಕೆಂಪಗೆ ಬಾಯಿ ಮಾತ್ರ ಕಾಣುತ್ತಿತ್ತು.

ಬಾಲ್ಕನಿಯವನಿಗೆ ಒಂದು ತಮಾಷೆಯ ಪೇಜಿತ್ತು. ವಿಡಿಯೊದಿಂದ ಎರಡು ಸೆಕೆಂಡು ಕತ್ತರಿಸಿದ. ಕೆಳಗೆ ದಪ್ಪ ಅಕ್ಷರದಲ್ಲಿ ಬರೆದ: ಸೋಮವಾರ ಬೆಳಗ್ಗೆ ನಾನು.

ಮಧ್ಯಾಹ್ನದೊಳಗೆ ಊರೆಲ್ಲ ನಕ್ಕಿತು. ವಾರದೊಳಗೆ ಅದು ಸ್ಟಿಕರ್ ಆಯಿತು. ಬ್ಯಾಂಕಿನವರು ಕಳಿಸಿದರು. ಮೇಷ್ಟ್ರುಗಳು ಕಳಿಸಿದರು. ಆಸ್ಪತ್ರೆಯ ನರ್ಸುಗಳು ತಮ್ಮ ಗುಂಪಿನಲ್ಲಿ ಹಾಕಿಕೊಂಡರು. ಯಾರಿಗೂ ಅಪ್ಪನ ಮೇಲೆ ದ್ವೇಷವಿರಲಿಲ್ಲ. ಅದೇ ಸಂಕಟ. ದ್ವೇಷವಿದ್ದಿದ್ದರೆ ಅಲ್ಲೊಬ್ಬ ಮನುಷ್ಯನಿದ್ದಾನೆ ಅಂತಲಾದರೂ ಒಪ್ಪಿಕೊಂಡ ಹಾಗಾಗುತ್ತಿತ್ತು. ರಜೆ ಮುಗಿಸಿ ಫ್ಯಾನಿನ ಕೆಳಗೆ ಕುರ್ಚಿಯಲ್ಲಿ ಕೂರುವುದು ಎಷ್ಟು ಕಷ್ಟ ಅಂತ ಹೇಳಿಕೊಳ್ಳಲು ಅವರಿಗೊಂದು ಮುಖ ಬೇಕಾಗಿತ್ತು. ತೆಗೆದುಕೊಂಡರು.

ಅಪ್ಪನದು ಬಟನ್ನಿನ ಫೋನು. ಅವನಿಗೆ ಏನೂ ಗೊತ್ತಿರಲಿಲ್ಲ. ಆ ಕೆಸರಿನೊಳಗಿರುವವನು ಯಾರು ಅಂತ ಕಟ್ಟಡದವರು ಊರಿಗೆಲ್ಲ ಗುರುತು ಹೇಳಿಬಿಟ್ಟಿದ್ದರು. ಬಸ್ಸಿನಲ್ಲಿ ಯಾರೋ ಪಕ್ಕಕ್ಕೆ ಬಂದು ಕೂತು, ಭುಜಕ್ಕೆ ಭುಜ ತಾಗದಷ್ಟು ಅಂತರವಿಟ್ಟು ಫೋಟೊ ತೆಗೆದುಕೊಂಡ. ಟೀ ಅಂಗಡಿಯಲ್ಲಿ "ಏ ಸೋಮವಾರ!" ಅಂತ ಕೂಗಿದರು. ಅಪ್ಪ ಹಿಂದೆ ತಿರುಗಿ ನೋಡಿದ, ಬೇರೆ ಯಾರನ್ನೋ ಕರೆಯುತ್ತಿದ್ದಾರೆ ಅಂತ.

ಸಂಜೆ ಮನೆಗೆ ಬಂದು ಕೇಳಿದ. ಕಡ್ಡಿ ತೋರಿಸಬೇಕಾಯಿತು. ಅಪ್ಪ ಪರದೆಯನ್ನು ಮುಖದ ಹತ್ತಿರ ತಂದು ನೋಡಿದ. ಎರಡು ಸೆಕೆಂಡು ಮುಗಿದು ಮತ್ತೆ ಶುರುವಾಯಿತು. ಮತ್ತೆ. ಮತ್ತೆ.

"ಇದು ನಾನಾ?"

"ಹೂಂ ಅಪ್ಪ."

"ಎಷ್ಟು ಜನ ನೋಡಿದಾರಂತೆ?"

ಕಡ್ಡಿ ಸಂಖ್ಯೆ ಹೇಳಿದಳು.

"ಅಷ್ಟು ಜನ ನಮ್ಮೂರಲ್ಲೇ ಇಲ್ವಲ್ಲೇ" ಅಂದ ಅಪ್ಪ. ಫೋನು ವಾಪಸ್ಸು ಕೊಟ್ಟ. ಆಮೇಲೆ, "ನಿನ್ನ ಕೆಲಸದ ಕಡೆ ಗೊತ್ತಾ, ನಾನು ನಿಮ್ಮಪ್ಪ ಅಂತ?"

"ಇಲ್ಲ."

"ಹೇಳ್ಬೇಡ."

ಆಚೆ ಅಜ್ಜಿ, "ಏನೋ ಅದು ಗುಸುಗುಸು?" ಅಂದಳು. "ಏನಿಲ್ಲ ಬಿಡಮ್ಮ, ಸಿನಿಮಾ" ಅಂದ ಅಪ್ಪ. ಅಜ್ಜಿಗೆ ಕೊನೆವರೆಗೂ ಹೇಳಲಿಲ್ಲ.

ಕಡ್ಡಿ ಹೇಳಲಿಲ್ಲ. ಆದರೆ ಅಪ್ಪನೇ ಗೋದಾಮಿಗೆ ಬಂದ. ಒಂದು ಮಧ್ಯಾಹ್ನ ಬೆಲ್ಟಿನ ಮೇಲೆ ಸಾಲಾಗಿ ಕಾಫಿ ಮಗ್ಗುಗಳು ಬಂದವು. ಬಿಳಿ ಮಗ್ಗು, ಕರಿ ಮುಖ, ಕೆಂಪು ಬಾಯಿ, ದಪ್ಪ ಅಕ್ಷರ. ಹನ್ನೊಂದಿದ್ದವು. ಕಡ್ಡಿಯ ಕೈ ನಿಂತಿತು.

"ಏನಮ್ಮ, ಫೋಟೊ ನೋಡ್ತಾ ನಿಂತ್ಬಿಟ್ಟೆ? ಲೈನ್ ನಿಲ್ತಾ ಇದೆ" ಅಂದ ಮೇಲ್ವಿಚಾರಕ. ಮಗ್ಗು ನೋಡಿ ಅವನೂ ನಕ್ಕ. "ನಮ್ಮ ಗ್ರೂಪಲ್ಲೂ ಇದೆ ಇದು. ಸೂಪರ್ ಅಲ್ವಾ?"

ಕಡ್ಡಿ ಹನ್ನೊಂದನ್ನೂ ಡಬ್ಬಕ್ಕೆ ಹಾಕಿದಳು. ಒಡೆಯುವ ಸಾಮಾನಿಗೆ ಎರಡು ಸುತ್ತು ಗುಳ್ಳೆ ಪ್ಲಾಸ್ಟಿಕ್ ಸುತ್ತಬೇಕು ಅಂತ ನಿಯಮ. ಅವಳು ನಾಲ್ಕು ಸುತ್ತು ಸುತ್ತಿದಳು. ಎಲ್ಲೋ ದಾರಿಯಲ್ಲಿ ಅಪ್ಪನ ಮುಖ ಒಡೆದುಹೋದರೆ ಅನ್ನಿಸಿತು. ಅದಕ್ಕಿಂತ ದೊಡ್ಡ ಅವಮಾನ ಅವಳಿಗೆ ಆಮೇಲೂ ಸಿಗಲಿಲ್ಲ.

ಆ ತಿಂಗಳಿಂದ ಅಪ್ಪ ಫೋನು ಕಂಡರೆ ಬೆನ್ನು ತಿರುಗಿಸುತ್ತಿದ್ದ. ಕಡ್ಡಿ ಹೊಸ ಫೋನು ಕೊಂಡಿದ್ದಳು. ಅಪ್ಪನದೊಂದು ಫೋಟೊ ತೆಗೆಯಲು ಹೋದರೆ, "ಬೇಡ ಕಣಮ್ಮ" ಅಂತ ಗೋಡೆಯ ಕಡೆ ತಿರುಗಿಬಿಡುತ್ತಿದ್ದ. ಅವಳ ಹತ್ತಿರ ಅಪ್ಪನ ಬೆನ್ನಿನ ಫೋಟೊ ಮೂರು ಇದ್ದವು.

ಗುಂಡಿಯ ಮುಚ್ಚಳ ಎತ್ತಿದಲ್ಲೆಲ್ಲ ಈಗ ನಾಲ್ಕಾರು ಫೋನು ನಿಲ್ಲುತ್ತಿದ್ದವು. ಸೋಮವಾರ ಮೇಲೆ ಬರುವುದನ್ನು ಕಾಯುತ್ತಿದ್ದವು. ಅಪ್ಪ ಹಳೆಯ ಬೆಡ್‌ಶೀಟಿನ ತುಂಡು ಹರಿದು ಮುಖಕ್ಕೆ ಕಟ್ಟಿಕೊಂಡ. ಮೂಗು, ಬಾಯಿ, ಗಲ್ಲ ಎಲ್ಲ ಮುಚ್ಚಿ, ಕಣ್ಣು ಮಾತ್ರ ಬಿಟ್ಟು.

ಹಗ್ಗದ ಮಾವ ಜಗಳ ತೆಗೆದ. "ಬಿಚ್ಚೋ ಅದನ್ನ. ನನಗೆ ಮುಖ ಕಾಣಲ್ಲ."

"ಕಣ್ಣು ಕಾಣತ್ತಲ್ಲ. ಸಾಕು."

"ಕಣ್ಣು ಸಾಕಾಗಲ್ಲ ಕಣೋ, ತುಟಿ ಬೇಕು."

"ನಿನಗೆ ತುಟಿ ತೋರ್ಸಿದ್ರೆ ಅವರಿಗೂ ತೋರ್ಸಿದ ಹಾಗೇನೇ. ಹೋಗು, ಮೊದ್ಲು ಆ ಫೋನುಗಳನ್ನ ಒಳಗಿಡೋಕೆ ಹೇಳು ಹೋಗು."

ಮಾವ ಹೋಗಿ ಹೇಳಿದ. ಅವನು ಹೇಳುವುದನ್ನೂ ಒಬ್ಬ ರೆಕಾರ್ಡ್ ಮಾಡಿಕೊಂಡ.

ಅಪ್ಪ ಸತ್ತದ್ದು ಒಂದು ಮಂಗಳವಾರ, ಬೆಳಗಿನ ಹನ್ನೊಂದು ಗಂಟೆಗೆ, ಒಂದು ಮದುವೆ ಮನೆಯ ಹಿಂದಿನ ಗುಂಡಿಯಲ್ಲಿ. ಮಾವ ಎಣಿಸುತ್ತಿದ್ದ. ಇಪ್ಪತ್ತಕ್ಕೆ ಅಪ್ಪ ತಲೆಯೆತ್ತಿದ. ಮತ್ತೆ ಇಪ್ಪತ್ತಕ್ಕೆ ಎತ್ತಿದ. ಮೂರನೇ ಸಲ ಎತ್ತಿದವನು ಇಳಿಸಲೇ ಇಲ್ಲ, ಗೋಡೆಗೆ ಒರಗಿ ಮೇಲೆಯೇ ನೋಡುತ್ತಿದ್ದ.

"ಕಣ್ಣು ತೆರೆದಿತ್ತು ಕಣೇ" ಅಂತ ಮಾವ ಆಮೇಲೆ ಎಷ್ಟೋ ಸಲ ಹೇಳಿದ. ಯಾರೂ ಕೇಳದಿದ್ದಾಗಲೂ ಹೇಳಿದ. "ತೆರೆದೇ ಇತ್ತು. ನನ್ನನ್ನೇ ನೋಡ್ತಿದಾನೆ ಅಂದ್ಕೊಂಡೆ. ನಾನೂ ನೋಡ್ತಾ ನಿಂತೆ."

ಎಳೆದಾಗ ತಡವಾಗಿತ್ತು. ಒದ್ದೆ ಬಟ್ಟೆ ಬಾಯಿಗೆ ಮೆತ್ತಿಕೊಂಡಿತ್ತು. ಮಾವ ಅದನ್ನು ಉಗುರಿನಿಂದ ಕಿತ್ತ. ತುಟಿ ಯಾವಾಗಲೋ ಬಣ್ಣ ಬಿಟ್ಟಿತ್ತು.

ಕಂಟ್ರಾಕ್ಟರ್ ಬಂದು ನೋಡಿ, "ಬಾಯಿಗೆ ಬಟ್ಟೆ ಕಟ್ಕೊಂಡು ಇಳಿದ್ರೆ ಯಾರೇನು ಮಾಡೋಕಾಗತ್ತೆ?" ಅಂದ. ಕಚೇರಿಯ ಕಾಗದದಲ್ಲಿ ಅದನ್ನೇ ನೆಟ್ಟಗಿನ ಭಾಷೆಯಲ್ಲಿ ಬರೆದರು: ಮೃತನು ಸ್ವಂತ ಅಜಾಗರೂಕತೆಯಿಂದ. ಅಂದು ಸಂಜೆ ತಮಾಷೆಯ ಪೇಜಿನವನು ಅದೇ ಚಿತ್ರವನ್ನು ಕಪ್ಪುಬಿಳುಪು ಮಾಡಿ ಹಾಕಿದ. ಸೋಮವಾರ ಇನ್ನಿಲ್ಲ ಅಂತ ಬರೆದ. ಕೆಳಗೆ ಸಾವಿರಾರು ಅಳುವ ಗೊಂಬೆಗಳು. ನಡುವೆ ಒಬ್ಬ ಕೇಳಿದ್ದ, ಹಾಗಾದರೆ ನಾಳೆ ರಜೆನಾ?

ಅಜ್ಜಿ ಅಳಲಿಲ್ಲ. ಅವಳ ಒಂದು ಕಣ್ಣು ಹೋಗಿ ವರ್ಷಗಳಾಗಿದ್ದವು. ಇನ್ನೊಂದು ಅಂಚಿನಿಂದ ಒಳಗೊಳಗೆ ಮುಚ್ಚಿಕೊಳ್ಳುತ್ತಿತ್ತು. ನಡುವೆ ಒಂದು ಕಿಂಡಿ ಉಳಿದಿತ್ತು. ಹೋದದ್ದು ಬರುವುದಿಲ್ಲ, ಇರುವುದೂ ಹೆಚ್ಚು ದಿನ ಇರುವುದಿಲ್ಲ ಅಂತ ಡಾಕ್ಟರು ಹೇಳಿದ್ದರು.

ಹದಿನೈದು ದಿನ ಕಳೆದ ಮೇಲೆ ಅಜ್ಜಿ ಕಡ್ಡಿಯನ್ನು ಹತ್ತಿರ ಕರೆದಳು.

"ನನಗೆ ಅವನ ಮುಖ ಮರೀತಾ ಇದೆಯೇ. ಮೂಗು ನೆನಪಿದೆ. ಹುಬ್ಬು ನೆನಪಿದೆ. ಎಲ್ಲ ಸೇರಿಸಿದ್ರೆ ಬೇರೆ ಯಾರೋ ಬರ್ತಾನೆ."

"ಅಜ್ಜಿ..."

"ಹೆತ್ತವಳು ನಾನು. ಮರೆತ್ಬಿಟ್ರೆ ಅವನು ಎಲ್ಲಿಗೆ ಹೋಗಬೇಕು ಹೇಳು? ಒಂದು ಫೋಟೊ ತಂದು ಗೋಡೆಗೆ ಹಾಕೇ. ಈ ಕಿಂಡಿ ಮುಚ್ಚೋದ್ರೊಳಗೆ ಹಾಕು. ನಾನು ಒಂದು ಸಲ ಸರಿಯಾಗಿ ನೋಡ್ಕೋತೀನಿ. ಆಮೇಲೆ ಕಣ್ಣು ಹೋದ್ರೆ ಹೋಗ್ಲಿ."

"ತರ್ತೀನಿ ಅಜ್ಜಿ" ಅಂದಳು ಕಡ್ಡಿ. "ಖಂಡಿತ ತರ್ತೀನಿ."

ಹುಡುಕಿದರೆ ಮನೆಯಲ್ಲಿ ಒಂದೂ ಇರಲಿಲ್ಲ. ಮದುವೆಯ ಫೋಟೊ ಒಂದಿತ್ತು. ಚರಂಡಿ ನೀರು ಮನೆಗೆ ನುಗ್ಗಿದ ವರ್ಷ ಅದು ನೆಂದು, ಅಪ್ಪನ ಕಡೆಯ ಅರ್ಧ ಗಾಜಿಗೆ ಅಂಟಿ ಸುಲಿದುಹೋಗಿತ್ತು. ಗುರುತಿನ ಚೀಟಿಯಲ್ಲಿ ಹೆಬ್ಬೆರಳಿನಷ್ಟು ಇದ್ದಿಲಿನ ಮಸಿ. ಅಜ್ಜಿ ಅದನ್ನು ಕಿಂಡಿಯ ಮುಂದೆ ಹಿಡಿದು, "ಇದ್ಯಾವ ದೆವ್ವನೇ?" ಅಂದಳು. ಇಡೀ ಊರಿನ ಫೋನಿನಲ್ಲಿ ಅಪ್ಪನಿದ್ದ. ಅಪ್ಪನ ಮನೆಯಲ್ಲಿ ಇರಲಿಲ್ಲ.

ಕಡ್ಡಿ ಬಸ್‌ಸ್ಟ್ಯಾಂಡಿನ ಪಕ್ಕದ ಸ್ಟುಡಿಯೊಗೆ ಹೋಗಿ ಆ ಸ್ಟಿಕರನ್ನೇ ತೋರಿಸಿದಳು. "ಅಕ್ಷರ ತೆಗೆದು, ಮುಖ ಸರಿ ಮಾಡಿಕೊಡ್ತೀರಾ ಅಣ್ಣ?"

ಸ್ಟುಡಿಯೊದವನು ಹೊಟ್ಟೆ ಹಿಡಿದು ನಕ್ಕ. "ಅಯ್ಯೋ, ಸೋಮವಾರ! ಏನಮ್ಮ, ಹುಟ್ಟುಹಬ್ಬಕ್ಕಾ? ಯಾರನ್ನ ಆಟ ಆಡಿಸಬೇಕು?"

"ನಮ್ಮಪ್ಪ."

ನಗು ಬಾಯಲ್ಲೇ ನಿಂತಿತು. ಅವನು ಎದ್ದು ಫ್ಯಾನಿನ ಸ್ವಿಚ್ಚು ಒತ್ತಿದ. ಫ್ಯಾನು ಆಗಲೇ ತಿರುಗುತ್ತಿತ್ತು, ಅದು ಆರಿತು. ಮತ್ತೆ ಹಾಕಿದ.

"ಕೂತ್ಕೊಳಮ್ಮ" ಅಂದ. ಅರ್ಧ ಗಂಟೆ ಕಂಪ್ಯೂಟರಿನ ಮುಂದೆ ಪ್ರಯತ್ನಪಟ್ಟ. ಕೊನೆಗೆ ಕೈ ಚೆಲ್ಲಿದ. "ಇದರಲ್ಲಿ ಮುಖಾನೇ ಇಲ್ಲಮ್ಮ. ಬರೀ ಕೆಸರಿದೆ. ಕೆಸರು ಒರೆಸಿದ್ರೆ ಕೆಳಗಡೆ ನಾನೇ ಏನಾದ್ರೂ ಬರೀಬೇಕು. ಅದು ನಿಮ್ಮಪ್ಪ ಆಗಲ್ಲ. ಇದು ತುಂಡು. ಪೂರ್ತಿ ವಿಡಿಯೊ ಇದ್ರೆ ತಗೊಂಡ್ಬಾ. ಎಲ್ಲಾದ್ರೂ ಒಂದು ಕಡೆ ಮುಖ ಸಿಕ್ಕೇ ಸಿಗತ್ತೆ."

ಕಡ್ಡಿ ಮೂರನೇ ಮಹಡಿಗೆ ಹತ್ತಿದಳು.

ಬಾಗಿಲು ತೆಗೆದವಳು ಪೇಜಿನವನ ತಾಯಿ. "ಚಪ್ಪಲಿ ಅಲ್ಲೇ ಬಿಡು. ಇನ್ನೂ ಆಚೆ." ನೀರು ಕೊಟ್ಟಳು, ಕಾಗದದ ಲೋಟದಲ್ಲಿ. ಅವನ ಕೋಣೆಯಲ್ಲಿ ಬಳೆಯಂಥ ದೊಡ್ಡ ದೀಪ, ಹಿಂದೆ ನೀಲಿ ಬಣ್ಣದ ಗೋಡೆ, ಉಳಿದ ಮೂರು ಗೋಡೆಗೆ ಬಣ್ಣವಿರಲಿಲ್ಲ. ಅವನು ಒಳ್ಳೆಯ ಮಾತಿನವನು. ಸಣ್ಣ ವಯಸ್ಸು. ಕಡ್ಡಿ ಯಾರು ಅಂತ ಗೊತ್ತಾದ ಕೂಡಲೇ ಎರಡೂ ಕೈ ಎದೆಗೆ ಒತ್ತಿಕೊಂಡ.

"ಸಿಸ್ಟರ್, ನಾನು ಎಷ್ಟು ದಿನದಿಂದ ನಿಮ್ಮನ್ನ ಹುಡುಕ್ತಾ ಇದೀನಿ ಗೊತ್ತಾ? ನನಗೆ ರಾತ್ರಿ ನಿದ್ದೆ ಇಲ್ಲ. ಕ್ಷಮೆ ಕೇಳ್ಬೇಕು ಅಂತ."

"ಸರಿ. ನನಗೆ ಆ ವಿಡಿಯೊ ಪೂರ್ತಿ ಬೇಕು."

"ಕೊಡ್ತೀನಿ, ಖಂಡಿತ ಕೊಡ್ತೀನಿ. ಅದಕ್ಕೆ ಮುಂಚೆ ಒಂದು ಸಣ್ಣ ಕೆಲಸ." ಅವನು ದೀಪ ಹಾಕಿದ. "ಇಲ್ಲಿ ನಿಂತ್ಕೊಳ್ಳಿ. ಸ್ವಲ್ಪ ಎಡಕ್ಕೆ. ನಾನು ನಿಮ್ಮ ಕಾಲಿಗೆ ಬೀಳ್ತೀನಿ. ನಿಜವಾಗ್ಲೂ ಬೀಳ್ತೀನಿ ಸಿಸ್ಟರ್, ನಾಟಕ ಅಲ್ಲ. ನೀವು ನನ್ನನ್ನ ಎಬ್ಬಿಸಿ, ಕ್ಷಮಿಸಿದೀನಿ ಅನ್ನಿ. ಅಷ್ಟೆ. ನಿಮ್ಮ ಕುಟುಂಬಕ್ಕೆ ಜನ ಸಹಾಯ ಮಾಡ್ತಾರೆ."

ಕಡ್ಡಿ ಬೆಳಕಿನಲ್ಲಿ ನಿಂತಿದ್ದಳು. ಕಣ್ಣಿಗೆ ಚುಚ್ಚುತ್ತಿತ್ತು.

"ಅಳೋದೇನೂ ಬೇಡ" ಅಂದ ಅವನು ಮೆತ್ತಗೆ. "ಬಂದ್ರೆ ತಡೀಬೇಡಿ."

ಅವನು ಬಗ್ಗಿದ. ಸ್ಟ್ಯಾಂಡಿನ ಮೇಲೆ ಫೋನಿನ ಕೆಂಪು ಚುಕ್ಕೆ ಮಿನುಗುತ್ತಿತ್ತು. ಕಡ್ಡಿ ಕಾಲು ಹಿಂದಕ್ಕೆ ತೆಗೆದುಕೊಂಡಳು.

"ಆಗಲ್ಲ."

"ಅಂದ್ರೆ?"

"ಫೋನ್ ಆರ್ಸಿ ಬೀಳಿ. ಆಗ ನೋಡೋಣ."

ಅವನು ಬಗ್ಗಿದಲ್ಲೇ ಒಂದು ಕ್ಷಣ ಇದ್ದ. ಆಮೇಲೆ ಎದ್ದು ಮೊಣಕಾಲು ಕೊಡವಿಕೊಂಡ.

"ಹಾಗಂದ್ರೆ ಯಾರಿಗೆ ಗೊತ್ತಾಗತ್ತೆ ಸಿಸ್ಟರ್, ನಾನು ಕ್ಷಮೆ ಕೇಳಿದ್ದು?"

"ನನಗೆ ಗೊತ್ತಾಗತ್ತೆ."

ಅವನಿಗೆ ಅದು ಅರ್ಥವಾಗಲಿಲ್ಲ. ನಿಜವಾಗಿಯೂ ಅರ್ಥವಾಗಲಿಲ್ಲ. ವಿಡಿಯೊ ಹಳೆ ಫೋನಿನಲ್ಲಿದೆ, ಹುಡುಕಬೇಕು, ಸಮಯ ಬೇಕು ಅಂದ. ಬಾಗಿಲು ಮುಚ್ಚಿದ ಮೇಲೆ ಒಳಗೆ ನೆಲ ಒರೆಸುವ ಸದ್ದು ಕೇಳಿತು.

ಕಡ್ಡಿ ನಾಲ್ಕು ಸಲ ಹೋದಳು. ನಾಲ್ಕು ಸಲವೂ ಹಳೆ ಫೋನು ಸಿಕ್ಕಿರಲಿಲ್ಲ. ಮನೆಯಲ್ಲಿ ಅಜ್ಜಿ ಲೋಟ ಇಡಲು ಹೋಗಿ ಕಟ್ಟೆಯ ಅಂಚು ಕಾಣದೆ ಕೆಳಗೆ ಬೀಳಿಸಿದಳು. ಕಿಂಡಿ ಸಣ್ಣದಾಗುತ್ತಿತ್ತು.

ಹಗ್ಗದ ಮಾವ ಅಪ್ಪ ಸತ್ತ ಮೇಲೆ ಹಗ್ಗ ಮುಟ್ಟಿರಲಿಲ್ಲ. ತಲೆ ಬಗ್ಗಿಸಿ ನಡೆಯುತ್ತಿದ್ದ, ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಕಡ್ಡಿ ಹೋಗಿ ಎಲ್ಲ ಹೇಳಿದಳು. ಮಾವ ನೆಲ ನೋಡುತ್ತಲೇ ಕೇಳಿದ.

"ಆ ಕಟ್ಟಡದ ಗುಂಡಿ ಹದಿನೈದು ದಿನಕ್ಕೊಂದು ಸಲ ಕಟ್ಕೊಳತ್ತೆ" ಅಂದ ಕೊನೆಗೆ. "ಬಟ್ಟೆ, ಎಣ್ಣೆ, ಎಲ್ಲ ಬಿಡ್ತಾರೆ ಅವರು. ನಾಳೆನೋ ನಾಡಿದ್ದೋ ಕಟ್ಟತ್ತೆ. ನಾನು ನಮ್ಮವರಿಗೆಲ್ಲ ಹೇಳ್ತೀನಿ."

ಮೂರನೇ ದಿನ ಕಟ್ಟಿತು. ಕೆಳಮಹಡಿಯ ಕಕ್ಕಸುಗಳು ಉಕ್ಕಿದವು. ಕಂಟ್ರಾಕ್ಟರ್ ಒಂದು ಜೋಡಿ ಕಳಿಸಿದ. ಅವರು ಬಂದು ಮುಚ್ಚಳದ ಪಕ್ಕ ಕೂತರು. ಇನ್ನೊಂದು ಜೋಡಿ ಕಳಿಸಿದ. ಅವರೂ ಕೂತರು. ಮುಚ್ಚಳದ ಮೇಲೆ ಕಡ್ಡಿ ಕೂತಿದ್ದಳು, ಪಕ್ಕದಲ್ಲಿ ಮಾವ. ಗೋದಾಮಿನಿಂದ ಮೂರು ಸಲ ಫೋನು ಬಂತು, ನಾಲ್ಕನೆಯದಕ್ಕೆ ನಾಳೆಯಿಂದ ಬರಬೇಡ ಅಂತ ಮೆಸೇಜು. ಓದಿ ಜೇಬಿಗಿಟ್ಟಳು. ಪಕ್ಕದೂರಿನಿಂದ ಇಬ್ಬರನ್ನು ಕರೆಸಿದರು. ಅವರಲ್ಲಿ ಒಬ್ಬ, "ಏನು ವಿಷಯ?" ಅಂತ ಕೇಳಿದ. ಹೇಳಿದರು. ಅವನು ಬಕೆಟ್ಟು ಬೋರಲು ಹಾಕಿ ಅದರ ಮೇಲೆ ಕೂತ.

ಎಲ್ಲ ಬಾಲ್ಕನಿಗಳಲ್ಲೂ ಫೋನು ಎದ್ದವು. ಒಬ್ಬ ಕೆಲಸಗಾರ ಟವೆಲ್ಲಿನಿಂದ ಮುಖ ಮುಚ್ಚಿಕೊಳ್ಳಲು ಹೋದ.

"ಮುಚ್ಚಬೇಡ" ಅಂದ ಮಾವ. ಅವನೇ ತಲೆಯೆತ್ತಿದ. ಎಷ್ಟೋ ದಿನಗಳ ಮೇಲೆ ಎತ್ತಿದ. "ಯಾರೂ ಮುಚ್ಕೋಬೇಡಿ. ನೋಡ್ಲಿ."

ಕಟ್ಟಡದ ಕಾರ್ಯದರ್ಶಿ ಮೂಗಿಗೆ ಕರ್ಚೀಫು ಒತ್ತಿಕೊಂಡು ಬಂದ. "ಏನಮ್ಮ ಇದು? ಒಂದು ವಿಡಿಯೊಗೋಸ್ಕರ ಇಪ್ಪತ್ತನಾಲ್ಕು ಮನೆಗೆ ತೊಂದರೆ ಕೊಡೋದಾ? ಮಕ್ಕಳು ಮರಿ ಇದಾರೆ ಇಲ್ಲಿ."

"ಒಂದು ವಿಡಿಯೊದಿಂದ ಒಂದು ಮನೆಗೆ ತೊಂದರೆ ಆದಾಗ ನೀವು ಏನು ಕಳಿಸಿದ್ರಿ ಸಾರ್? ನಗೋ ಗೊಂಬೆ."

"ನಾನೇನೂ ಕಳಿಸಿಲ್ಲ."

"ನಿಮ್ಮ ಫೋನ್ ತೆಗೀರಿ, ನೋಡೋಣ."

ಅವನು ತೆಗೆಯಲಿಲ್ಲ.

"ನಮ್ಮ ಕೈಗೆ ಹೊಲಸು ಹತ್ತಿದ್ರೆ ತೊಳ್ಕೋತೀವಿ" ಅಂದಳು ಕಡ್ಡಿ. "ಇಷ್ಟು ವರ್ಷ ನಿಮ್ಮದನ್ನೇ ತೊಳ್ಕೊಂಡ್ವಿ. ನಿಮ್ಮ ಕೈಗೆ ಹತ್ತಿರೋದನ್ನ ಯಾರು ತೊಳೀತಾರೆ?"

ಎರಡು ದಿನ ಹಾಗೇ ಕೂತರು. ನಾಲ್ಕು ಗಂಟೆಯ ಬಿಸಿಲಿಗೆ ಕಬ್ಬಿಣದ ಮುಚ್ಚಳ ಕಾದು ತೊಡೆ ಸುಡುತ್ತಿತ್ತು. ಕೆಳಗೆ ಹೊಲಸು ಗುಳುಗುಳು ಅನ್ನುವುದು ಬೆನ್ನುಮೂಳೆಯಲ್ಲಿ ಕೇಳುತ್ತಿತ್ತು. ಎರಡನೇ ದಿನ ನೀರು ಮೆಟ್ಟಿಲಿಗೆ ಬಂತು. ಮೂರನೇ ದಿನ ಬೆಳಗ್ಗೆ ಇಪ್ಪತ್ತನಾಲ್ಕು ಮನೆಯವರೂ ಮೂರನೇ ಮಹಡಿಯ ಬಾಗಿಲು ಬಡಿದರು.

ಅವನು ಇಳಿದು ಬಂದ. ಪ್ಯಾಂಟು ಮಡಚಿಕೊಂಡು, ಇಟ್ಟಿಗೆಯಿಂದ ಇಟ್ಟಿಗೆಗೆ ಕಾಲಿಟ್ಟು. ಹಳೆ ಫೋನು ಸಿಕ್ಕಿತ್ತು.

ಕಡ್ಡಿ ಮುಚ್ಚಳದ ಮೇಲೆ ಕೂತೇ ವಿಡಿಯೊ ಹಾಕಿದಳು. ಎರಡು ನಿಮಿಷ ನಲವತ್ತು ಸೆಕೆಂಡು. ಮಾವ ಭುಜದ ಮೇಲಿಂದ ಬಗ್ಗಿದ.

ಊರು ನಕ್ಕ ಎರಡು ಸೆಕೆಂಡು ಮೊದಲಿಗೇ ಬಂದು ಹೋಯಿತು. ವಿಡಿಯೊ ಮುಂದುವರಿಯಿತು. ಅಪ್ಪ ಗುಂಡಿಯ ಅಂಚು ಹಿಡಿದು ಮೇಲೆ ಹತ್ತಿದ. ಮಂಡಿಯೂರಿ ಕೆಮ್ಮಿದ. ಮಾವ ಕ್ಯಾನಿನಿಂದ ತಲೆಗೆ ನೀರು ಸುರಿದ. ಅಪ್ಪನ ಧ್ವನಿ ದೂರದಿಂದ ಸಣ್ಣಗೆ ಕೇಳಿತು: "ಕಿವಿಗೆ ಹೋಯ್ತಲ್ಲೋ, ನೀರು ಹಾಕೋದೂ ಬರಲ್ವಾ ನಿಂಗೆ?" ಮಾವನ ನಗು ಕೇಳಿತು. ಮುಚ್ಚಳದ ಪಕ್ಕ ಕೂತ ಮಾವ ಆ ನಗುವನ್ನು ಕೇಳಿ ಬಾಯಿಗೆ ಮುಷ್ಟಿ ಒತ್ತಿಕೊಂಡ. ನೀರು ಇಳಿಯಿತು, ಕೆಸರು ಇಳಿಯಿತು. ಹಣೆ ಬಂತು. ಮೂಗು ಬಂತು. ಅಪ್ಪ ಎದ್ದು ನಿಂತು ತಲೆ ಕೊಡವಿದ.

ಆಗ ಅವನಿಗೆ ಬಾಲ್ಕನಿ ಕಂಡಿತು. ಬಾಲ್ಕನಿಯಲ್ಲಿ ಒಬ್ಬ ಯುವಕ, ಕೈಯಲ್ಲಿ ಫೋನು. ಅಪ್ಪ ಒಂದು ಗಳಿಗೆ ನೋಡಿದ. ಅಂಗೈಯಿಂದ ಬಾಯಿ ಒರೆಸಿಕೊಂಡ. ಕೂದಲು ಹಿಂದಕ್ಕೆ ತೀಡಿಕೊಂಡ. ಕೈಗಳನ್ನು ಪಕ್ಕಕ್ಕೆ ಇಳಿಬಿಟ್ಟು, ಭುಜ ನೇರ ಮಾಡಿ, ಗಲ್ಲ ಸ್ವಲ್ಪ ಎತ್ತಿ ನಿಂತ. ಅಲುಗಾಡಲಿಲ್ಲ. ತನ್ನ ಫೋಟೊ ತೆಗೆಯುತ್ತಿದ್ದಾರೆ ಅಂದುಕೊಂಡಿದ್ದ.

ಹನ್ನೆರಡು ಸೆಕೆಂಡು ಹಾಗೇ ನಿಂತಿದ್ದ. ಸಾಕಾ ಅನ್ನುವ ಹಾಗೆ ತಲೆ ಅಲ್ಲಾಡಿಸಿದ. ವಿಡಿಯೊ ಮುಗಿಯಿತು.

ಕಡ್ಡಿ ಪೇಜಿನವನನ್ನು ನೋಡಿದಳು. "ಈ ಭಾಗ ಯಾಕೆ ಹಾಕಲಿಲ್ಲ?"

ಅವನು ಇಟ್ಟಿಗೆಯ ಮೇಲೆ ಒಂಟಿ ಕಾಲಲ್ಲಿ ನಿಂತಿದ್ದ. "ಅದ್ರಲ್ಲಿ ಏನೂ ಇರ್ಲಿಲ್ಲ ಸಿಸ್ಟರ್" ಅಂದ.

ಅವಳಿಗೆ ಅವನನ್ನು ಹೊಡೆಯಬೇಕು ಅನ್ನಿಸಿತು. ಕೈ ಏಳಲಿಲ್ಲ. ಕೈಯಲ್ಲಿ ಅಪ್ಪನಿದ್ದ.

ವಿಡಿಯೊ ತನ್ನ ಫೋನಿಗೆ ಹಾಕಿಕೊಂಡು ಎದ್ದಳು. ಕಂಟ್ರಾಕ್ಟರ್ ಮುಂದೆ ಬಂದು, "ಆಯ್ತಲ್ಲ? ಕೊಟ್ಟಾಯ್ತಲ್ಲ? ಇಳೀರಿ ಇನ್ನು" ಅಂದ.

ಮಾವ ಹಾರೆ ಹಾಕಿ ಮುಚ್ಚಳ ಎತ್ತಿ ಪಕ್ಕಕ್ಕೆ ಉರುಳಿಸಿದ. "ವಿಡಿಯೊ ಕೊಡೋವರೆಗೂ ಮುಚ್ಚಳ ಎತ್ತಲ್ಲ ಅಂದಿದ್ವಿ. ಎತ್ತಿದೀವಿ. ಇಳಿಯೋ ಮಾತು ಆಡಿರ್ಲಿಲ್ಲ. ನಿನ್ನ ಕಾಗದದಲ್ಲಿ ಮೆಷಿನ್ ಇದೆಯಲ್ಲ, ಅದನ್ನ ಇಳ್ಸು."

ಹಗ್ಗ ಹೆಗಲಿಗೆ ಹಾಕಿಕೊಂಡು ಹೊರಟ. ಉಳಿದವರೂ ಬಕೆಟ್ಟು ಎತ್ತಿಕೊಂಡರು.

ಸ್ಟುಡಿಯೊದವನು ಆ ಹನ್ನೆರಡು ಸೆಕೆಂಡಿನಿಂದ ಒಂದು ಚಿತ್ರ ಆರಿಸಿದ. ಹಿಗ್ಗಿಸಿದಾಗ ಸ್ವಲ್ಪ ಮಬ್ಬಾಯಿತು, ಆದರೂ ಅಪ್ಪನೇ. ಬಲಗಿವಿಯ ಹಿಂದೆ ಕುತ್ತಿಗೆಗೆ ಇಳಿದ ಒಂದು ಕರಿ ಗೆರೆ ಉಳಿದಿತ್ತು. "ತೆಗೆದುಬಿಡ್ಲಾ? ಒಂದು ನಿಮಿಷದ ಕೆಲಸ" ಅಂದ. ಕಡ್ಡಿ ಯೋಚಿಸಿದಳು. "ಬೇಡಣ್ಣ. ಏನನ್ನೂ ತೆಗೀಬೇಡಿ." ಅವನು ಚೌಕಟ್ಟು ಹಾಕಿ, ಗಾಜು ಒರೆಸಿ, ತಲೆಯೆತ್ತದೆ ಕೊಟ್ಟ. ಏನು ಕೊಡಬೇಕು ಅಂತ ಕೇಳಿದ್ದಕ್ಕೆ ಕೈ ಅಲ್ಲಾಡಿಸಿ ಒಳಗೆ ಹೋದ.

ಅಜ್ಜಿಯನ್ನು ಬಾಗಿಲ ಬೆಳಕಿಗೆ ಕೂರಿಸಿ ಕಡ್ಡಿ ಚೌಕಟ್ಟನ್ನು ಮಡಿಲಲ್ಲಿಟ್ಟಳು. ಅಜ್ಜಿ ಅದನ್ನು ಎತ್ತಿ ಒಂದೇ ಕಣ್ಣಿನ ಮುಂದೆ ಹಿಡಿದಳು. ಕಿಂಡಿ ಸಣ್ಣದು, ಮುಖ ಪೂರ್ತಿ ಹಿಡಿಸುತ್ತಿರಲಿಲ್ಲ. ಚೌಕಟ್ಟನ್ನು ನಿಧಾನಕ್ಕೆ ಸರಿಸುತ್ತ ನೋಡಿದಳು. ಹಣೆ. ಒಂದು ಹುಬ್ಬು, ಇನ್ನೊಂದು ಹುಬ್ಬು. ಮೂಗು. ಬಾಯಿಯ ಹತ್ತಿರ ಬಹಳ ಹೊತ್ತು ನಿಂತಳು.

"ಇವನೇ" ಅಂದಳು.

ಮತ್ತೆ ಮೊದಲಿಂದ ನೋಡಿದಳು.

"ಎಷ್ಟು ನೆಟ್ಟಗೆ ನಿಂತಿದಾನೆ ನೋಡೇ. ಯಾರು ತೆಗೆದಿದ್ದು?"

"ಯಾರೋ ಒಬ್ರು ಅಜ್ಜಿ."

"ಚೆನ್ನಾಗಿ ತೆಗೆದಿದಾರೆ. ಪುಣ್ಯಾತ್ಮರು."

ಅಜ್ಜಿ ಚೌಕಟ್ಟನ್ನು ಇನ್ನೊಂದಿಷ್ಟು ಸರಿಸಿದವಳು ತಟಕ್ಕನೆ ನಿಂತಳು.

"ಥೂ. ಕಿವಿ ಹಿಂದೆ ತೊಳ್ಕೊಂಡೇ ಇಲ್ಲ."

ಸೆರಗಿನ ತುದಿಯನ್ನು ನಾಲಿಗೆಗೆ ಮುಟ್ಟಿಸಿ ಗಾಜಿನ ಮೇಲೆ ಉಜ್ಜಿದಳು. ಹೋಗಲಿಲ್ಲ. ಇನ್ನೊಂದು ಸಲ ಉಜ್ಜಿದಳು. ಆಗ ಅವಳಿಗೆ ಅಳು ಬಂತು. ಮಗ ಸತ್ತ ದಿನ ಬಾರದ ಅಳು, ಮೈಯೆಲ್ಲ ಅಲುಗಿಸಿಕೊಂಡು ಬಂತು. ಕಡ್ಡಿ ಅವಳ ಬೆನ್ನು ಹಿಡಿದು ಕೂತಳು.

ಅಳು ನಿಂತ ಮೇಲೆ ಕಡ್ಡಿ ಎದ್ದು, ಬಾಗಿಲಿನ ಎದುರು ಗೋಡೆಯಲ್ಲಿ ಎತ್ತರಕ್ಕೆ ಮೊಳೆ ಹೊಡೆದಳು.

"ಅಷ್ಟು ಮೇಲೆ ಬೇಡ್ವೇ" ಅಂದಳು ಅಜ್ಜಿ. "ನನ್ನ ಕೈಗೆ ಸಿಗೋ ಹಾಗಿರ್ಲಿ. ಆಮೇಲೆ ಮುಟ್ಟಿ ನೋಡ್ಬೇಕಲ್ಲ."

ಕಡ್ಡಿ ಮೊಳೆ ಕಿತ್ತಳು. ಅಜ್ಜಿಯನ್ನು ಗೋಡೆಗೆ ನಿಲ್ಲಿಸಿ, ಅವಳ ಅಂಗೈ ಎಲ್ಲಿಗೆ ಬರುತ್ತದೆ ನೋಡಿ, ಅಲ್ಲಿಗೆ ಹೊಡೆದಳು. ಅಪ್ಪನ ಮುಖವನ್ನು ಅದಕ್ಕೆ ತೂಗುಹಾಕಿದಳು.